ಒಲೆ, ಹಂಡೆ, ಕೊಳಾಯಿ: ಹೊಸ ವರ್ಷಕ್ಕೊಂದು ಉಳಿತಾಯದ ಯೋಜನೆ

ಡಿಸೆಂಬರ್ ಕೊನೆಯ ವಾರ. ನಂದಿಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಚಿಕ್ಕಬಳ್ಳಾಪುರದ ಬೀದಿಗಳು ನಡುಗುತ್ತವೆ. ಹಿತ್ತಲಿನ ಹಂಡೆ ಒಲೆ ಬೆಳಗಿನ ಐದಕ್ಕೇ ಹೊತ್ತಿಕೊಳ್ಳುತ್ತದೆ. ಹಂಡೆ ಇಲ್ಲದ ಮನೆಯಲ್ಲಿ ಬಕೆಟ್ಟಿಗೆ ಹೀಟರ್ ಕಾಯಿಲ್ ಇಳಿಯುತ್ತದೆ. ಶಿಡ್ಲಘಟ್ಟ, ಚಿಂತಾಮಣಿಯ ಹಳ್ಳಿಗಳಲ್ಲಿ ಮನುಷ್ಯರಿಗಷ್ಟೇ ಅಲ್ಲ, ರೇಷ್ಮೆ ಹುಳುವಿಗೂ ಬೆಚ್ಚಗಿನ ಮನೆ ಬೇಕು. ಅವರೆಕಾಯಿ ಸುಗ್ಗಿ ಬೇರೆ, ಅಡುಗೆ ಒಲೆಗೆ ಬಿಡುವಿಲ್ಲ. ಸರಿಯಾಗಿ ಇದೇ ಹೊತ್ತಿಗೆ ಹೊಸ ಕ್ಯಾಲೆಂಡರ್ ಗೋಡೆ ಏರುತ್ತದೆ. ಮನೆಯ ಉರಿ, ಬೆಳಕು, ನೀರಿನ ಖರ್ಚಿಗೆ ಒಂದು ವರ್ಷದ ಲೆಕ್ಕ ಹಾಕಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾವುದು?

ಯೋಜನೆ ಎಂಬ ಮಾತು ಈ ಸೀಮೆಗೆ ಹೊಸದಲ್ಲ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದದ್ದು 1934ರಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದರು. ಮನೆಯ ಇಂಧನ ಉಳಿತಾಯಕ್ಕೆ ಈ ಇಬ್ಬರ ಪಾಠವೂ ಬೇಕು. ಮೊದಲು ಅಳತೆ, ಆಮೇಲೆ ಕೆಲಸ.

ಮೊದಲು ಮೀಟರು ನೋಡಿ

ಜನವರಿ 1ರ ಬೆಳಿಗ್ಗೆ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೇ ಬರೆದಿಡುವುದು ಮೊದಲ ಕೆಲಸ. ಒಂದು ವಾರ ಪ್ರತಿದಿನ ಅದೇ ಹೊತ್ತಿಗೆ ಬರೆಯಬೇಕು. ಸಿಲಿಂಡರ್ ಬದಲಿಸಿದ ದಿನ, ಸೌದೆ ಕೊಂಡ ದಿನವನ್ನೂ ಗುರುತು ಹಾಕಬೇಕು. ಮನೆಯ ದುಂದು ಎಲ್ಲಿದೆ ಎಂಬುದು ತಿಂಗಳೊಳಗೆ ತಾನಾಗಿಯೇ ಕಾಣುತ್ತದೆ.

‘ಕರೆಂಟು ಪುಕ್ಕಟೆಯಲ್ಲವೇ, ಉಳಿಸಿ ಏನಾಗಬೇಕು?’ ಎಂಬ ಪ್ರಶ್ನೆ ಬರಬಹುದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ನಿಗದಿಯಾಗಿದೆ. ಆ ಮಿತಿ ಮೀರಿದರೆ ಹೆಚ್ಚಿನ ಯೂನಿಟ್ಟಿಗೆ ಹಣ ಕಟ್ಟಬೇಕು; ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಗಡಿಯ ಹತ್ತಿರ ಇರುವ ಮನೆಗೆ ಹತ್ತು ಯೂನಿಟ್ಟಿನ ಉಳಿತಾಯವೂ ದೊಡ್ಡದೇ.

ಜಾತ್ರೆ, ಸಂತೆಗಳಲ್ಲಿ ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧವಾಗುತ್ತದೆ ಎಂದು ಮಾರುವ ‘ಪವರ್ ಸೇವರ್’ ಡಬ್ಬಿಯನ್ನು ನರಸಿಂಹಯ್ಯನವರ ಮಾತಿನಂತೆ ಪ್ರಶ್ನಿಸಿಯೇ ನೋಡಬೇಕು. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್. ಮನೆಯ ಮೀಟರು ಲೆಕ್ಕ ಹಿಡಿಯುವುದು ನಿಜವಾಗಿ ಖರ್ಚಾದ ಯೂನಿಟ್ಟನ್ನು. ಅದನ್ನು ಕೆಪಾಸಿಟರ್ ಇಳಿಸುವುದಿಲ್ಲ. ಡಬ್ಬಿ ಹಾಕಿ ಒಂದು ವಾರ, ತೆಗೆದು ಒಂದು ವಾರ ಮೀಟರು ಬರೆದಿಟ್ಟರೆ ಸತ್ಯ ತಿಳಿಯುತ್ತದೆ.

ಸ್ನಾನದ ನೀರೇ ದೊಡ್ಡ ಗಿರಾಕಿ

ಉಳಿತಾಯ ಎಂದೊಡನೆ ಎಲ್ಲರ ಕಣ್ಣೂ ಬಲ್ಬಿನ ಮೇಲೆ ಹೋಗುತ್ತದೆ. 60 ವ್ಯಾಟಿನ ಹಳೆಯ ಬುರುಡೆ ಬಲ್ಬನ್ನು ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿ, ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ ಏಳೂವರೆ ಯೂನಿಟ್ ಉಳಿಯುತ್ತದೆ. ಇದನ್ನು ಬಹಳ ಮನೆಗಳು ಆಗಲೇ ಮಾಡಿವೆ. ಆದರೆ ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಹೆಚ್ಚುಕಡಿಮೆ 0.35 ಯೂನಿಟ್ ಬೇಕು. ನಾಲ್ವರ ಮನೆಯಲ್ಲಿ ದಿನಕ್ಕೆ ಸುಮಾರು 1.4 ಯೂನಿಟ್, ತಿಂಗಳಿಗೆ ನಲವತ್ತಕ್ಕೂ ಹೆಚ್ಚು! ಬಲ್ಬು ಬದಲಿಸಿ ಕಾಯಿಲ್ಲನ್ನು ಮರೆತವರ ಲೆಕ್ಕ ತಪ್ಪುವುದು ಇಲ್ಲಿಯೇ.

ಇದಕ್ಕೆ ಕಾಸಿಲ್ಲದ ಮದ್ದುಗಳಿವೆ. ಹಂಡೆಗೆ ಮುಚ್ಚಳ ಬೇಕು. ನೀರು ಕಾದ ಕೂಡಲೇ ಮನೆಯವರು ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಬೇಕು. ಸೌದೆ ಒಲೆಯಾದರೆ ಹಂಡೆಯ ಸುತ್ತ ಜೇಡಿಮಣ್ಣಿನ ಗೋಡೆ ಎತ್ತಿ, ಸೌದೆಯ ಕೆಳಗೆ ಕಬ್ಬಿಣದ ಸರಳಿನ ಜಾಲರಿ ಇಟ್ಟು, ಹೊಗೆಗೆ ಕೊಳವೆ ಬಿಟ್ಟರೆ ಉರಿ ಹೊರಗೆ ಪೋಲಾಗುವುದು ಕಡಿಮೆಯಾಗುತ್ತದೆ. ಹಿಪ್ಪುನೇರಳೆ ಕಡ್ಡಿಯನ್ನು ಚೆನ್ನಾಗಿ ಒಣಗಿಸಿ ಸೂರಿನಡಿ ಜೋಡಿಸಿಟ್ಟುಕೊಂಡರೆ ಹಂಡೆಗೆ ಬೇರೆ ಸೌದೆ ಅಷ್ಟಾಗಿ ಬೇಡ. ಹಸಿ ಕಡ್ಡಿಯ ಉರಿಯಲ್ಲಿ ಒಂದು ಪಾಲು ಅದರೊಳಗಿನ ನೀರನ್ನು ಆರಿಸುವುದಕ್ಕೇ ಹೋಗುತ್ತದೆ. ಸೋಲಾರ್ ಹೀಟರ್ ಇರುವವರು ಅದರ ಗಾಜಿನ ಮೇಲಿನ ಧೂಳು ಒರೆಸಿ, ಬಿಸಿನೀರಿನ ಪೈಪಿಗೆ ಹೊದಿಕೆ ಸುತ್ತಿದರೆ ಚಳಿಗಾಲದ ದೂರು ಅರ್ಧ ನಿಲ್ಲುತ್ತದೆ.

ಅಸ್ತ್ರ ಒಲೆ ಕಲಿಸಿದ್ದು

ಅಡುಗೆ ಒಲೆಯ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಚರಿತ್ರೆಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಆರಂಭಿಸಿದರು. ಅಲ್ಲಿಂದ ಬಂದದ್ದೇ ಮೂರು ಪಾತ್ರೆಯ ಅಸ್ತ್ರ ಒಲೆ. ಮಾಮೂಲಿ ಒಲೆಯಲ್ಲಿ ಸೌದೆಯ ಶಾಖದ ಹತ್ತನೇ ಒಂದು ಭಾಗದಷ್ಟು ಮಾತ್ರ ಪಾತ್ರೆಗೆ ಸೇರಿದರೆ, ಇದರಲ್ಲಿ ಮೂರನೇ ಒಂದು ಭಾಗದಷ್ಟು ಸೇರುತ್ತಿತ್ತು. ಮುಚ್ಚಿದ ಒಲೆಯ ಉರಿ ಮೂರೂ ಪಾತ್ರೆಗಳ ಅಡಿ ಸವರಿಕೊಂಡು ಹೋಗಿ, ಹೊಗೆ ಕೊಳವೆಯಿಂದ ಹೊರಬೀಳುತ್ತಿತ್ತು. ಗೃಹಿಣಿಯ ಕಣ್ಣು, ಎದೆ ಎರಡಕ್ಕೂ ಬಿಡುಗಡೆ. ಆದರೆ ಮಣ್ಣಿನ ಒಲೆ ಬಿರುಕು ಬಿಡುತ್ತದೆ, ಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಆಗಾಗ ಮೆತ್ತಿ, ಮಸಿ ತೆಗೆಯದಿದ್ದರೆ ಯಾವ ಒಳ್ಳೆಯ ಒಲೆಯೂ ಮತ್ತೆ ಹಳೆಯ ಒಲೆಯೇ. ಕಟ್ಟುವುದಷ್ಟೇ ಯೋಜನೆಯಲ್ಲ, ನೋಡಿಕೊಳ್ಳುವುದೂ ಯೋಜನೆಯೇ.

ಈ ಸೀಮೆಯದೇ ಇನ್ನೊಂದು ಉದಾಹರಣೆ ಬಾಗೇಪಲ್ಲಿ ಕೂಲಿ ಸಂಘದ್ದು. ಅಂದಿನ ಕೋಲಾರ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ 5,500 ಬಡ ಕುಟುಂಬಗಳಿಗೆ ಗೋಬರ್ ಗ್ಯಾಸ್ ಕಟ್ಟಿಸುವ ಅದರ ಯೋಜನೆ, ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ 2005ರಲ್ಲಿ ನೋಂದಣಿಯಾಯಿತು. ಸೌದೆ, ಸೀಮೆಎಣ್ಣೆ ಉರಿಸದೆ ಉಳಿದ ಇಂಗಾಲದ ಲೆಕ್ಕವನ್ನು ಹೊರದೇಶದವರಿಗೆ ಮಾರಿ, ಆ ಹಣದಿಂದ ಗುಂಡಿ ಕಟ್ಟುವುದು ಅದರ ಸೂತ್ರ. ಎರಡು ಘನಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು, ಅಂದರೆ ನಾಲ್ಕೈದು ರಾಸು. ಒಂದೇ ಹಸು ಇರುವವರು ನೆರೆಹೊರೆಯ ಸಗಣಿ ಸಿಗುವುದೇ ಎಂದು ನೋಡಿಕೊಂಡೇ ಗುಂಡಿ ತೋಡುವುದು ಲೇಸು.

ರಾಸು ಇಲ್ಲದವರಿಗೆ ಮಂಕರಿ ಇದೆ. ಬಿದಿರಿನ ದೊಡ್ಡ ಮಂಕರಿಗೆ ಒಣ ಹುಲ್ಲು ಒತ್ತಿ, ನಡುವೆ ಪಾತ್ರೆ ಕೂರುವಷ್ಟು ಜಾಗ ಬಿಟ್ಟು, ಹಳೆ ಸೀರೆಯ ದಿಂಬನ್ನು ಮುಚ್ಚಳ ಮಾಡಬೇಕು. ಅಕ್ಕಿ ಐದು ನಿಮಿಷ ಕುದಿದ ಮೇಲೆ ಪಾತ್ರೆಯನ್ನು ಮುಚ್ಚಳ ಸಮೇತ ಇದರೊಳಗಿಟ್ಟರೆ ಮುಕ್ಕಾಲು ಗಂಟೆಯಲ್ಲಿ ಅನ್ನ ಸಿದ್ಧ. ರಾತ್ರಿ ನೆನೆಸಿದ ಬೇಳೆಕಾಳನ್ನೂ ಕಾಲು ಗಂಟೆ ಕುದಿಸಿ ಎರಡು ಗಂಟೆ ಇಡಬಹುದು. ಉಣ್ಣುವ ಮೊದಲು ಮತ್ತೊಮ್ಮೆ ಕುದಿ ಬರಿಸಬೇಕು.

ನೀರಿನೊಳಗಿನ ಕರೆಂಟು

ವರ್ಷವಿಡೀ ಹರಿಯುವ ನದಿ ಈ ತಾಲ್ಲೂಕುಗಳಲ್ಲಿ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟುವುದೂ ಅಪರೂಪವಲ್ಲ. ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ನೀರೆತ್ತಲು, ಪಂಪಿನ ನಷ್ಟವೂ ಸೇರಿ, ಸುಮಾರು ಎರಡು ಯೂನಿಟ್ ಬೇಕು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ಕೊಳಾಯಿ ದಿನಕ್ಕೊಂದು ಕೊಡ ನೀರು ಸುರಿಯುತ್ತದೆ. ಕೆಲವೇ ರೂಪಾಯಿಯ ವಾಷರ್ ಬದಲಿಸುವುದು, ತೊಟ್ಟಿಗೆ ಫ್ಲೋಟ್ ವಾಲ್ವ್ ಹಾಕುವುದು, ಮುಂಗಾರಿಗೆ ಮುನ್ನ ಚಾವಣಿಯ ನೀರನ್ನು ತೊಟ್ಟಿಗಿಳಿಸುವುದು, ಇವೆಲ್ಲ ನೀರಿನ ಕೆಲಸವೂ ಹೌದು, ಕರೆಂಟಿನ ಕೆಲಸವೂ ಹೌದು.

ಹನ್ನೆರಡು ತಿಂಗಳ ಪಟ್ಟಿ

ಎಲ್ಲವನ್ನೂ ಒಂದೇ ವಾರದಲ್ಲಿ ಹಿಡಿದರೆ ಯಾವುದೂ ಮುಗಿಯದು. ಜನವರಿ ಅಳತೆಗೆ ಮತ್ತು ಹಂಡೆಗೆ. ಹುಳು ಸಾಕುವವರು ಇದೇ ತಿಂಗಳು ಮನೆಯ ಬಿರುಕುಗಳಿಗೆ ಮಣ್ಣು ಮೆತ್ತಿ, ಬಾಗಿಲಿಗೆ ಗೋಣಿ ಪರದೆ ಕಟ್ಟಬಹುದು. ಆದರೆ ಇದ್ದಿಲ ಒಲೆ ಇಡುವ ಕೋಣೆಗೆ ಗಾಳಿಯ ದಾರಿ ಬಿಡಲೇಬೇಕು, ಆ ಹೊಗೆ ಪ್ರಾಣಕ್ಕೆ ಅಪಾಯ.

ಶಿವರಾತ್ರಿಗೆ ಚಳಿ ಹೋದ ಮೇಲೆ ಚಾವಣಿಯ ಸರದಿ. ಇಲ್ಲಿನ ಕಲ್ಲು ಚಪ್ಪಡಿಯ ಮನೆಗಳು ಹಗಲು ಬಿಸಿಲು ಕುಡಿದು ರಾತ್ರಿ ಒಳಕ್ಕೆ ಬಿಡುತ್ತವೆ. ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುವಾಗ ಚಾವಣಿಯ ಮೇಲೂ ಎರಡು ಕೈ ಬಳಿದರೆ ಬಿಸಿಲಿನ ಒಂದು ಪಾಲು ಅಲ್ಲಿಂದಲೇ ಹಿಂದಿರುಗುತ್ತದೆ. ಹಳೆ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಕೆಟ್ಟಾಗ ರಿಪೇರಿಗೆ ಕೊಡುವ ಮೊದಲು ಈ ಲೆಕ್ಕ ನೆನಪಿರಲಿ. ಮೇ ತಿಂಗಳು ಮಳೆನೀರಿಗೆ, ದೀಪಾವಳಿಯ ಸುತ್ತಮುತ್ತ ಮತ್ತೆ ಒಲೆ, ಹೊಗೆ ಕೊಳವೆಗೆ. ಸ್ವಿಚ್ ಬೋರ್ಡು, ವೈರಿಂಗಿಗೆ ಮಾತ್ರ ಸ್ವಂತ ಕೈ ಬೇಡ, ತಿಳಿದವರನ್ನೇ ಕರೆಯಬೇಕು.

ಪ್ರತಿ ತಿಂಗಳು ಮೊದಲ ತಾರೀಖು ಮೀಟರು ಬರೆಯುವ ಕೆಲಸವನ್ನು ಮನೆಯ ಶಾಲೆಯ ಮಕ್ಕಳಿಗೆ ಒಪ್ಪಿಸಬಹುದು. ಹನ್ನೆರಡು ಅಂಕಿಗಳು ಸಾಲಾಗಿ ನಿಂತಾಗ ಯಾವ ಕೆಲಸ ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ಮುಂದಿನ ವರ್ಷದ ಯೋಜನೆ ಆ ಹನ್ನೆರಡು ಅಂಕಿಗಳಿಂದಲೇ ಶುರುವಾಗುತ್ತದೆ.