ಡಿಗ್ರಿ ಮುಗಿಸಿದವರು ಎಲ್ಲಿಗೆ ಹೋಗುತ್ತಾರೆ?

ಫಲಿತಾಂಶ ಬಂದ ವಾರದಿಂದಲೇ ಪ್ರಶ್ನೆ ಶುರುವಾಗುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ರೇಷನ್ ಅಂಗಡಿ ಮುಂದೆ "ಮುಂದೇನಪ್ಪಾ?" ಎಂದು ಕೇಳದವರಿಲ್ಲ. ಕೇಳುವವರ ಬಳಿ ಉತ್ತರವೂ ಸಿದ್ಧ ಇರುತ್ತದೆ. ಎಂಜಿನಿಯರಿಂಗ್ ಆಗಿದ್ದರೆ ಐಟಿ ಕಂಪನಿ, ಬಿ.ಎ. ಆಗಿದ್ದರೆ ಬಿ.ಎಡ್., ಸ್ವಲ್ಪ ಚುರುಕಾಗಿದ್ದರೆ ಕೆಎಎಸ್, ಹುಡುಗಿಯಾಗಿದ್ದರೆ ಗಂಡು ಹುಡುಕುವುದು. ಪ್ರತಿಯೊಂದರಲ್ಲೂ ಚೂರುಪಾರು ಸತ್ಯವಿದೆ, ಅದಕ್ಕೇ ಈ ಉತ್ತರಗಳು ಇಷ್ಟು ವರ್ಷ ಬಾಳಿವೆ. ಆದರೆ ಪದವಿ ಮುಗಿದ ದಿನಕ್ಕೂ ಸರಿಯಾದ ಕೆಲಸ ಕೈಗೆ ಬಂದ ದಿನಕ್ಕೂ ನಡುವೆ ಕಳೆಯುವ ವರ್ಷಗಳು ಈ ಯಾವ ಉತ್ತರದಲ್ಲೂ ಇಲ್ಲ. ತಪ್ಪು ಕಲ್ಪನೆಗಳೆಲ್ಲ ಹುಟ್ಟುವುದು ಆ ಖಾಲಿ ಜಾಗದಲ್ಲೇ.

"ಓದಿದವರಿಗಿಂತ ಓದದವರೇ ವಾಸಿ, ಅವರಿಗಾದರೂ ಕೆಲಸವಿದೆ"

ಈ ಮಾತಿಗೆ ಅಂಕಿಅಂಶದ ಬೆಂಬಲವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2024ರ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ನಮ್ಮ ಯುವ ಪದವೀಧರರಲ್ಲಿ ನಿರುದ್ಯೋಗ ಶೇ 29.1 ಇತ್ತು, ಓದು ಬರಹ ಬಾರದ ಯುವಜನರಲ್ಲಿ ಶೇ 3.4 ಮಾತ್ರ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು, "ನಿನ್ನ ಸರ್ಟಿಫಿಕೇಟನ್ನ ಉಪ್ಪಿನಕಾಯಿ ಹಾಕ್ಕೋ" ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳಿಗೆ ಬರವಿಲ್ಲ.

ಸಂಖ್ಯೆ ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು. ಇಂಥ ಉದ್ಯೋಗ ಸಮೀಕ್ಷೆಗಳ ಭಾಷೆಯಲ್ಲಿ ನಿರುದ್ಯೋಗಿ ಎಂದರೆ ಕೆಲಸವಿಲ್ಲದೆ, ಕೆಲಸಕ್ಕಾಗಿ ಹುಡುಕುತ್ತಲೋ ಸಿಕ್ಕರೆ ಮಾಡಲು ತಯಾರಾಗಿಯೋ ಇರುವವರು. ವರ್ಷದ ಹೆಚ್ಚು ಕಾಲ ಕೆಲಸವಿಲ್ಲದೆ ಕೂತಿದ್ದರೂ, ನಡುವೆ ಮೂವತ್ತು ದಿನ ಯಾವುದಾದರೂ ಕೆಲಸ ಮಾಡಿದ್ದರೆ ಸಾಕು, ವಾರ್ಷಿಕ ಲೆಕ್ಕದಲ್ಲಿ ಅವರು ಉದ್ಯೋಗಸ್ಥರು. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದು ಗಾರೆ ಕೆಲಸಕ್ಕೆ ನಿಂತ ಹುಡುಗ ಈ ಲೆಕ್ಕದಲ್ಲಿ ನಿರುದ್ಯೋಗಿಯಾಗುವುದು ಸಾಧ್ಯವೇ ಇಲ್ಲ, ಏಕೆಂದರೆ ಅವತ್ತಿನ ಕೂಲಿ ಇಲ್ಲದಿದ್ದರೆ ಅವತ್ತಿನ ಊಟವಿಲ್ಲ. ಒಳ್ಳೆಯ ಕೆಲಸಕ್ಕಾಗಿ ಕಾದು ಕೂರಬೇಕಾದರೆ ಅಷ್ಟು ದಿನ ಮನೆಯಲ್ಲಿ ಯಾರಾದರೂ ಅನ್ನ ಹಾಕಬೇಕು. ಶೇ 3.4 ಎಂಬ ಸಣ್ಣ ಸಂಖ್ಯೆಯ ಹಿಂದೆ ಇರುವುದು ಈ ನಿರ್ವಾಹವಿಲ್ಲದ ಸ್ಥಿತಿ. ಅದನ್ನು ಸುಖ ಎಂದು ಓದಿದರೆ ಓದಿದವರ ಕಷ್ಟವೂ ತಪ್ಪಾಗಿ ಅರ್ಥವಾಗುತ್ತದೆ, ಓದದವರದೂ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಹೊರತಂದ ಉದ್ಯೋಗ ಸ್ಥಿತಿಗತಿ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಅದಕ್ಕಿಂತ ಮುಖ್ಯವಾದ ಸಂಖ್ಯೆಗಳಿಲ್ಲ. 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ 42.3. 25ರಿಂದ 29ರ ವಯಸ್ಸಿಗೆ ಬರುವಷ್ಟರಲ್ಲಿ ಅದು ಶೇ 22.8ಕ್ಕೆ ಇಳಿಯುತ್ತದೆ, 30 ದಾಟಿದ ಮೇಲೆ ಶೇ 10ಕ್ಕಿಂತ ಕೆಳಗೆ, 35 ದಾಟಿದ ಮೇಲೆ ಶೇ 5ಕ್ಕಿಂತ ಕೆಳಗೆ. ಅಂದರೆ ಪದವೀಧರರಿಗೆ ಕೊನೆಗೂ ಕೆಲಸ ಸಿಗುತ್ತದೆ, ತಡವಾಗಿ ಸಿಗುತ್ತದೆ. ಸಿಕ್ಕಿದ್ದು ಓದಿಗೆ ತಕ್ಕದ್ದೇ, ಅಥವಾ ಕಾದು ಸಾಕಾಗಿ "ಇದಾದರೂ ಆಗಲಿ" ಎಂದು ಹಿಡಿದದ್ದೇ? ಅದನ್ನು ಈ ಶೇಕಡಾವಾರು ಹೇಳುವುದಿಲ್ಲ. ಎಂ.ಕಾಂ. ಮುಗಿಸಿ ಫೈನಾನ್ಸ್ ಕಂಪನಿಯ ವಸೂಲಿಗೆ ಬೈಕ್ ಏರಿದವನೂ, ಬ್ಯಾಂಕ್ ಮ್ಯಾನೇಜರ್ ಆದವನೂ ಅಲ್ಲಿ ಒಂದೇ ಸಾಲಿನಲ್ಲಿದ್ದಾರೆ.

"ಪದವೀಧರ ಅಂದರೆ ಎಂಜಿನಿಯರ್, ಎಂಜಿನಿಯರ್ ಅಂದರೆ ಸಾಫ್ಟ್‌ವೇರ್"

ಬೆಂಗಳೂರಿನ ನೆರಳಿನಲ್ಲಿ ಬದುಕುವ ನಮಗೆ ಹೀಗೆ ಅನ್ನಿಸುವುದು ಸಹಜ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021-22ರ ವರದಿ ಬೇರೆ ಮಾತು ಹೇಳುತ್ತದೆ. ಪದವಿ ಹಂತದಲ್ಲಿ ಓದುತ್ತಿರುವವರಲ್ಲಿ ಶೇ 34.2 ಮಂದಿ ಕಲಾ ವಿಭಾಗದವರು. ವಿಜ್ಞಾನ ಶೇ 14.8, ವಾಣಿಜ್ಯ ಶೇ 13.3, ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಶೇ 11.8. ಇದು ಇಡೀ ದೇಶದ ಲೆಕ್ಕ. ಎಂಜಿನಿಯರಿಂಗ್ ಕಾಲೇಜುಗಳು ತುಂಬಿರುವ ಕರ್ನಾಟಕದಲ್ಲಿ ಪಾಲು ಸ್ವಲ್ಪ ಆಚೀಚೆಯಾದೀತು. ಅದೇ ಸಮೀಕ್ಷೆಯ ಪ್ರಕಾರ ಕಾಲೇಜು ವಯಸ್ಸಿನ ಪ್ರತಿ ಲಕ್ಷ ಜನಕ್ಕೆ ನಮ್ಮಲ್ಲಿ 66 ಕಾಲೇಜುಗಳಿವೆ, ದೇಶದ ಸರಾಸರಿ 30. ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ. ಆದರೂ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಿಂದ ಹೊರಬರುವ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳನ್ನು ಬಿಟ್ಟು ಪದವೀಧರರ ಮಾತಾಡುವುದು ಅರ್ಧ ಊರನ್ನು ಬಿಟ್ಟು ಜಾತ್ರೆ ಮಾಡಿದ ಹಾಗೆ.

ಇದರ ಜೋಡಿ ನಂಬಿಕೆ, ಬಿ.ಎ. ಮಾಡಿದರೆ ದಾರಿಯೇ ಇಲ್ಲ ಎನ್ನುವುದು. ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಗೂ ಬ್ಯಾಂಕ್ ಪರೀಕ್ಷೆಗಳಿಗೂ ಬೇಕಾದದ್ದು ಯಾವುದಾದರೂ ಒಂದು ಪದವಿ. ಮೂರು ವರ್ಷದ ಎಲ್‌ಎಲ್‌ಬಿಗೂ ಅಷ್ಟೇ, ನಿಗದಿತ ಅಂಕವಿದ್ದರೆ ವಿಷಯ ಯಾವುದಾದರೂ ಆದೀತು. ಸಾಫ್ಟ್‌ವೇರ್ ಕಂಪನಿಗಳೂ ಬಿ.ಇ. ಒಂದನ್ನೇ ಹಿಡಿದು ಕೂತಿಲ್ಲ: ವಿಪ್ರೊ ಬಿ.ಎಸ್ಸಿ., ಬಿಸಿಎ ಮುಗಿಸಿದವರನ್ನು ಸೇರಿಸಿಕೊಂಡು, ಕೆಲಸದ ಜೊತೆಗೇ ತನ್ನ ಖರ್ಚಿನಲ್ಲಿ ಎಂ.ಟೆಕ್. ಓದಿಸುವ ಯೋಜನೆಯನ್ನು ವರ್ಷಗಳಿಂದ ನಡೆಸುತ್ತಿದೆ. ದಾರಿ ಇದೆ. ಅದು ಊರಿನವರಿಗೆ ಗೊತ್ತಿಲ್ಲ, ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ಎಂಬುದು ಅನೇಕ ಕಡೆ ಬಾಗಿಲ ಮೇಲಿನ ಬೋರ್ಡಿಗೆ ಸೀಮಿತ. ತೊಡಕಿರುವುದು ಇಲ್ಲಿ.

"ಇನ್ನೊಂದು ಅಟೆಂಪ್ಟ್, ಆಗೇ ಆಗ್ತದ"

ಧಾರವಾಡದ ಸಪ್ತಾಪುರದಲ್ಲಿ ಓಡಾಡಿದವರಿಗೆ ಈ ವಾಕ್ಯ ಪರಿಚಿತ. ಕೋಚಿಂಗ್ ಸೆಂಟರ್, ರೀಡಿಂಗ್ ರೂಮ್, ಪಿಜಿ, ಮೆಸ್, ಹಳೆಯ ಪ್ರಶ್ನೆಪತ್ರಿಕೆ ಮಾರುವ ಅಂಗಡಿ, ಎಲ್ಲ ಒಂದೇ ಬೀದಿಯಲ್ಲಿ. ಬೆಂಗಳೂರಿನ ವಿಜಯನಗರದ ಸುತ್ತಲೂ ಇಂಥದೇ ಲೋಕವಿದೆ. "ಏನ್ ಮಾಡಾಕತ್ತಿಯಪಾ?" ಎಂದರೆ "ಕಾಂಪಿಟೇಟಿವ್ ಓದಾಕತ್ತೀನ್ರಿ" ಎಂಬ ಉತ್ತರ ಬರುತ್ತದೆ. ಕೆಲಸವಿಲ್ಲ ಎನ್ನುವುದಕ್ಕಿಂತ ಈ ಉತ್ತರಕ್ಕೆ ಗೌರವ ಜಾಸ್ತಿ.

ಕಷ್ಟಪಟ್ಟು ಓದಿದರೆ ಆಗುತ್ತದೆ ಎಂಬ ನಂಬಿಕೆಯನ್ನು ಲೆಕ್ಕದ ಎದುರು ನಿಲ್ಲಿಸೋಣ. 2023ರ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆ ಬರೆದವರು ಸುಮಾರು 5.92 ಲಕ್ಷ, ಕೊನೆಗೆ ಆಯ್ಕೆಯಾದವರು 1,016. ಹೆಚ್ಚುಕಡಿಮೆ 580 ಮಂದಿಗೆ ಒಬ್ಬರು. ಉಳಿದ 579 ಜನರೂ ಸೋಮಾರಿಗಳೆಂದು ಹೇಳಲು ಧೈರ್ಯ ಬೇಕು. ಹುದ್ದೆ ಇಷ್ಟೇ ಇದ್ದಾಗ, ಎಲ್ಲರೂ ಇಮ್ಮಡಿ ಓದಿದರೂ ಆಯ್ಕೆಯಾಗುವವರು ಅಷ್ಟೇ ಮಂದಿ. ಏರುವುದು ಕಟ್ ಆಫ್ ಮಾತ್ರ.

ರಾಜ್ಯದ ಪರೀಕ್ಷೆಗಳಲ್ಲಿ ಸಂಖ್ಯೆಯ ಜೊತೆಗೆ ಕಾಲದ ಲೆಕ್ಕವೂ ಸೇರಿಕೊಳ್ಳುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ ಲಿಖಿತ ಪರೀಕ್ಷೆ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕರ್ನಾಟಕ ಲೋಕಸೇವಾ ಆಯೋಗದ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಅಧಿಸೂಚನೆ 2024ರ ಫೆಬ್ರುವರಿಯಲ್ಲಿ ಬಂತು, ಪೂರ್ವಭಾವಿ ಪರೀಕ್ಷೆ ಮುಂದೆ ಹೋಗಿ ಆಗಸ್ಟ್ 27ಕ್ಕೆ ನಡೆಯಿತು, ಕನ್ನಡ ಪ್ರಶ್ನೆಪತ್ರಿಕೆ ತಪ್ಪುಗಳಿಂದ ತುಂಬಿತ್ತೆಂದು ಗದ್ದಲವಾಗಿ ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು. ಕನ್ನಡದ ಮಕ್ಕಳು ಕನ್ನಡದ ಆಯೋಗದ ಪರೀಕ್ಷೆಯಲ್ಲಿ ಕನ್ನಡ ಅರ್ಥವಾಗದೆ ಇಂಗ್ಲಿಷ್ ಪ್ರಶ್ನೆ ನೋಡಬೇಕಾಯಿತೆಂದರೆ ನಗಬೇಕೋ ಅಳಬೇಕೋ. ಇವೆಲ್ಲ ಅಭ್ಯರ್ಥಿಯ ಓದಿಗೆ ಸಂಬಂಧಿಸಿದವಲ್ಲ, ಆದರೆ ಕಳೆದ ವರ್ಷಗಳು ಅವನವೇ. ತಿಂಗಳು ತಿಂಗಳೂ ಊರಿಂದ ಬರುವ ದುಡ್ಡು ಅವನ ಅಪ್ಪನದು.

ಇನ್ನೊಂದು ವಿಷಯವನ್ನು ಕೋಚಿಂಗ್‌ನವರು ಮೊದಲ ದಿನವೇ ಹೇಳಬೇಕಿತ್ತು. ಬಾಗಿಲುಗಳೆಲ್ಲ ಒಂದೇ ವಯಸ್ಸಿಗೆ ಮುಚ್ಚುವುದಿಲ್ಲ. ಸಾಮಾನ್ಯ ವರ್ಗದವರಿಗೆ ಐಬಿಪಿಎಸ್ ಕ್ಲರ್ಕ್ ಪರೀಕ್ಷೆ 28ಕ್ಕೆ, ಬ್ಯಾಂಕ್ ಪಿಒ 30ಕ್ಕೆ, ಯುಪಿಎಸ್‌ಸಿ ಆರು ಅಟೆಂಪ್ಟ್ ಮುಗಿದಾಗ ಅಥವಾ 32ಕ್ಕೆ ಮುಗಿಯುತ್ತದೆ. ರಾಜ್ಯದ ನೇಮಕಾತಿಯಲ್ಲಿ ಹೆಚ್ಚಿನ ಹುದ್ದೆಗಳಿಗೆ ಮಿತಿ ಸಾಮಾನ್ಯರಿಗೆ 35, ಹಿಂದುಳಿದ ವರ್ಗದವರಿಗೆ 38, ಪರಿಶಿಷ್ಟರಿಗೂ ಪ್ರವರ್ಗ 1ಕ್ಕೂ 40. ಆಗಾಗ ಸಡಿಲಿಕೆ ಬೇರೆ ಕೊಡುತ್ತಾರೆ. 35ರವರೆಗೆ ಸಮಯ ಇದೆಯಲ್ಲ ಎಂದು ಕೆಎಎಸ್ ಒಂದನ್ನೇ ನೆಚ್ಚಿ ಕೂತವರು, ಅಷ್ಟರಲ್ಲಿ ಬ್ಯಾಂಕಿನ ಬಾಗಿಲು ಸದ್ದಿಲ್ಲದೆ ಮುಚ್ಚಿದ್ದನ್ನು ಗಮನಿಸಿರುವುದಿಲ್ಲ.

"ಬಿ.ಎಡ್. ಮಾಡಿದರೆ ಮೇಷ್ಟ್ರ ಕೆಲಸ ಗ್ಯಾರಂಟಿ"

ಒಂದು ಕಾಲಕ್ಕೆ ಇದು ನಿಜಕ್ಕೆ ಹತ್ತಿರವಿತ್ತು. ಈಗ ಬಿ.ಎಡ್. ಎರಡು ವರ್ಷದ ಕೋರ್ಸ್. ಒಂದರಿಂದ ಐದನೇ ತರಗತಿಯ ಶಿಕ್ಷಕರಾಗಲು ಬಿ.ಎಡ್. ಅರ್ಹತೆಯೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ, ಅದಕ್ಕೆ ಡಿ.ಎಲ್.ಎಡ್. ಬೇಕು. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾದರೆ ಅದು ಜೀವನಪರ್ಯಂತ ಊರ್ಜಿತ, ನಿಜ. ಆದರೆ ಟಿಇಟಿ ಎಂದರೆ ಅರ್ಜಿ ಹಾಕುವ ಅರ್ಹತೆ, ನೇಮಕಾತಿ ಪತ್ರವಲ್ಲ. ಕಾಲೇಜು ಮಟ್ಟದಲ್ಲಿ ಎನ್‌ಇಟಿ, ಕೆಸೆಟ್ ಕಥೆಯೂ ಅದೇ: ಪಾಸಾದವರು ಸಾವಿರಾರು ಮಂದಿ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕುತ್ತಿದ್ದಾರೆ. ಹತ್ತು ಹದಿನೈದು ವರ್ಷ ಮನೆಗೆ ಬರುತ್ತಲೇ ಇರುವವರನ್ನು ಅತಿಥಿ ಎಂದು ಕರೆಯುವುದು ನಮ್ಮ ಸರ್ಕಾರಕ್ಕೆ ಮಾತ್ರ ಸಾಧ್ಯ.

"ಕೆಲಸ ಇಲ್ಲದ ಡಿಗ್ರಿಯವರಿಗೆಲ್ಲ ಯುವನಿಧಿ ಬರುತ್ತದೆ"

ಬರುವುದಿಲ್ಲ. ರಾಜ್ಯ ಸರ್ಕಾರದ ಈ ಯೋಜನೆಯಲ್ಲಿ, 2022-23ರಿಂದ ಈಚೆಗೆ ಪಾಸಾಗಿ, 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಅದೂ ಹೆಚ್ಚೆಂದರೆ ಎರಡು ವರ್ಷ. ಎಂ.ಎ., ಬಿ.ಎಡ್. ಹೀಗೆ ಮುಂದಿನ ಓದಿಗೆ ಸೇರಿದವರಿಗೆ ಇಲ್ಲ, ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೂ ಇಲ್ಲ. ಅಪ್ರೆಂಟಿಸ್‌ಗೆ ಸೇರಿದರೆ 3,000 ತಪ್ಪುತ್ತದೆಂದು ಹಿಂಜರಿಯುವವರಿದ್ದಾರೆ. 2019ರ ನಿಯಮದಲ್ಲೇ ಪದವೀಧರ ಅಪ್ರೆಂಟಿಸ್‌ಗಳ ಕನಿಷ್ಠ ಭತ್ಯೆಯನ್ನು ತಿಂಗಳಿಗೆ 9,000 ರೂಪಾಯಿ ಎಂದು ನಿಗದಿ ಮಾಡಿದ್ದಾರೆ. ಲೆಕ್ಕ ನೀವೇ ಹಾಕಿಕೊಳ್ಳಿ.

"ಹುಡುಗಿಯರಿಗೆ ಡಿಗ್ರಿ ಸಾಕು, ಕೆಲಸ ಅವರಿಗೇ ಬೇಡ"

ಇದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ, ಮತ್ತು ಇದನ್ನು ಅಂಕಿಅಂಶಗಳೇ ಮರೆಮಾಚುತ್ತವೆ. ಮದುವೆಯಾಗಿ ಮನೆಗೆಲಸ ನೋಡಿಕೊಳ್ಳುವ ಪದವೀಧರೆಯನ್ನು ಉದ್ಯೋಗ ಸಮೀಕ್ಷೆ ನಿರುದ್ಯೋಗಿ ಎಂದು ಬರೆದುಕೊಳ್ಳುವುದಿಲ್ಲ. ಅವಳು ದುಡಿಮೆಯ ಲೆಕ್ಕದಿಂದಲೇ ಹೊರಗೆ. ಹೀಗೆ ಹೊರಗುಳಿದವರನ್ನೆಲ್ಲ ಬಿಟ್ಟ ಮೇಲೂ, ದುಡಿಮೆಯ ಲೆಕ್ಕದೊಳಗಿರುವ ಪದವೀಧರರಲ್ಲಿ ನಿರುದ್ಯೋಗದ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಕೆಲಸವಿಲ್ಲದ ಯುವತಿಯರಲ್ಲಿ ಓದಿದವರು ಶೇ 76.7, ಯುವಕರಲ್ಲಿ ಶೇ 62.2 ಎನ್ನುತ್ತದೆ ಮೇಲೆ ಹೇಳಿದ ಕಾರ್ಮಿಕ ಸಂಸ್ಥೆಯ ವರದಿ. ಕೆಲಸ ಬೇಡದವರು ಇಷ್ಟು ಸಂಖ್ಯೆಯಲ್ಲಿ ಹುಡುಕುವುದಿಲ್ಲ.

ಅವರ ಕಾಯುವ ಕಾಲವೂ ಚಿಕ್ಕದು. ಅಣ್ಣನಿಗೆ ನಾಲ್ಕನೇ ಅಟೆಂಪ್ಟ್‌ವರೆಗೆ ಹಣ ಕಳಿಸುವ ಮನೆ, ತಂಗಿಗೆ ಎರಡನೆಯದರ ಹೊತ್ತಿಗೆ ಜಾತಕ ಹೊರತೆಗೆಯುತ್ತದೆ. ಮದುವೆಯ ನಂತರವೂ ಓದಿ, ಬರೆದು, ಪಾಸಾದವರಿಗೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಮದುವೆಯಾದ ಅಭ್ಯರ್ಥಿ ಮೀಸಲಾತಿಗಾಗಿ ತಂದೆಯ ಆದಾಯ ಪ್ರಮಾಣಪತ್ರ ಕೊಡಬೇಕೋ ಗಂಡನದನ್ನೋ ಎಂಬ ಜಗಳ ಹೈಕೋರ್ಟ್‌ಗೆ ಹೋಯಿತು. ಆಯ್ಕೆಪಟ್ಟಿ ಅಲ್ಲೇ ಸಿಕ್ಕಿಕೊಂಡಿತು. ಪರೀಕ್ಷೆ ಗೆದ್ದವರು, ಗಂಡಸರೂ ಸೇರಿ, ನೇಮಕಾತಿ ಆದೇಶಕ್ಕಾಗಿ 2023ರ ಕೊನೆಯವರೆಗೆ ಕಾದರು.