ಮಲೆನಾಡಿನ ಪ್ರವಾಸ: ಹಣ ಎಲ್ಲಿಗೆ, ಹೊರೆ ಯಾರಿಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದೊಡನೆ ನಮ್ಮ ವ್ಯಾಪಾರಿ ಬಂಧುಗಳ ಮನಸ್ಸಿಗೆ ಮೊದಲು ಬರುವುದು ಅಡಿಕೆಯ ಧಾರಣೆ. ಅದು ಸಹಜವೇ. 1923ರಲ್ಲಿ ಸ್ಥಾಪನೆಗೊಂಡ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಶತಮಾನವನ್ನು ಪೂರೈಸಿದೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಈಗ ಇನ್ನೊಂದು ವಹಿವಾಟು ಬೇರೂರಿದೆ. ಅದು ಪ್ರವಾಸ. ಅಡಿಕೆಯ ಲೆಕ್ಕವನ್ನು ಕಿಲೋ, ಕ್ವಿಂಟಲ್‌ಗಳಲ್ಲಿ ತೂಗಿ ಇಡುವ ನಾವು ಈ ಹೊಸ ವಹಿವಾಟಿನ ಖರ್ಚಿನ ಪುಟವನ್ನು ಬರೆಯುತ್ತಲೇ ಇಲ್ಲವೆಂಬುದು ಲೆಕ್ಕಪರಿಶೋಧಕನಾದ ನನ್ನ ಅಭಿಪ್ರಾಯ.

ಇಲ್ಲಿ ನೋಡಬೇಕಾದುದು ಬಹಳವಿದೆ. ಕದಂಬರ ಬನವಾಸಿ, ಸೋಂದೆಯ ಮಠಗಳು, ಶಾಲ್ಮಲೆಯ ಬಂಡೆಗಳ ಮೇಲಿನ ಸಹಸ್ರಲಿಂಗ ಶಿರಸಿ ತಾಲ್ಲೂಕಿನಲ್ಲಿವೆ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ನದಿಯು ಸುಮಾರು 200 ಮೀಟರ್ ಆಳದ ಕಂದರಕ್ಕೆ ಧುಮುಕುತ್ತದೆ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿಯ ಜಿಗಿತ 116 ಮೀಟರ್. 1845ರಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬನು ‘ಕಂಡುಹಿಡಿದ’ನೆಂದು ಇದಕ್ಕೆ ಲಷಿಂಗ್ಟನ್ ಜಲಪಾತವೆಂಬ ಹೆಸರುಂಟು, ಭೋರ್ಗರೆತಕ್ಕೆ ಕಿವಿ ಕೆಪ್ಪಾಗುವುದೆಂದು ಊರವರು ಕರೆದ ಹೆಸರು ಕೆಪ್ಪ ಜೋಗ. ಎರಡನೆಯದೇ ಹೆಚ್ಚು ಪ್ರಾಮಾಣಿಕವೆಂದು ನನಗೆ ತೋರುತ್ತದೆ.

ಈಗ ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಹುಬ್ಬಳ್ಳಿಯ ಹತ್ತು ಜನರ ತಂಡವೊಂದು ಭಾನುವಾರ ಸಾತೊಡ್ಡಿ ಜಲಪಾತಕ್ಕೆ ಹೋಗಿಬರಲು 15,000 ರೂ. ವೆಚ್ಚ ಮಾಡಿತೆನ್ನಿ. ವಾಹನದ ಬಾಡಿಗೆ 9,000. ಹೊರಡುವಾಗ ಹುಬ್ಬಳ್ಳಿಯಲ್ಲಿಯೇ ಕಟ್ಟಿಸಿಕೊಂಡ ಊಟ, ತಿಂಡಿ, ನೀರಿನ ಬಾಟಲಿಗಳಿಗೆ 5,000. ಪ್ರವೇಶ ಶುಲ್ಕ ಮತ್ತು ದಾರಿಯ ಚಹಾಕ್ಕೆ 1,000. ಯಲ್ಲಾಪುರ ತಾಲ್ಲೂಕಿನಲ್ಲಿ ಉಳಿದುದು ಹದಿನೈದರಲ್ಲಿ ಒಂದು ಪಾಲು. ಆದರೆ ಖಾಲಿ ಬಾಟಲಿ, ಪೊಟ್ಟಣ, ತಟ್ಟೆಗಳಲ್ಲಿ ಬಹುಪಾಲು ಅಲ್ಲಿಯೇ ಉಳಿಯುತ್ತದೆ. ಅದನ್ನು ಹೆಕ್ಕುವ ಕೂಲಿಯನ್ನು ಗ್ರಾಮ ಪಂಚಾಯಿತಿಯೋ ಗ್ರಾಮ ಅರಣ್ಯ ಸಮಿತಿಯೋ ಭರಿಸಬೇಕು. ಇಲ್ಲವಾದರೆ ಮೊದಲ ಮಳೆ ಹೊಳೆಗೆ ತಳ್ಳುತ್ತದೆ. ಅದೇ ತಂಡ ಒಂದು ರಾತ್ರಿ ಸ್ಥಳೀಯರ ಮನೆಯಲ್ಲಿ ತಂಗಿ, ತಲೆಗೆ 1,500 ರೂ. ಕೊಟ್ಟು ಬಾಳೆಯೆಲೆಯ ಮೇಲೆ ಉಂಡರೆ ಆ 15,000 ರೂ. ಊರಿನ ಕೈಗೆ ಸೇರುತ್ತದೆ, ಕಸವೂ ಕಡಿಮೆಯಾಗುತ್ತದೆ.

ಹೊಳೆಗೆ ಸೇರಿದ್ದು ಹೊಳೆಯಲ್ಲಿ ನಿಲ್ಲುವುದಿಲ್ಲ. ಅಘನಾಶಿನಿಯ ಒಂದು ಮೂಲ ಶಿರಸಿ ಪಟ್ಟಣದ ಶಂಕರಹೊಂಡದಲ್ಲಿದೆ. ಅಣೆಕಟ್ಟಿಲ್ಲದೆ ಹರಿಯುವ ಈ ನದಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರವನ್ನು ಸೇರುತ್ತದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಅಳಿವೆಯಲ್ಲಿ ಮೀನು, ಚಿಪ್ಪಿಗಳನ್ನು ನಂಬಿ ಬದುಕುವ ಕುಟುಂಬಗಳು ಬಹಳ. ಘಟ್ಟದ ಮೇಲಿನ ಭಾನುವಾರದ ಕಸ ಘಟ್ಟದ ಕೆಳಗಿನವರ ಮಾರುಕಟ್ಟೆಯನ್ನು ಮುಟ್ಟುವ ದಾರಿ ಇದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ ಮುಂತಾದ ವಸ್ತುಗಳ ತಯಾರಿಕೆ ಮತ್ತು ಮಾರಾಟವನ್ನು ದೇಶಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಅವುಗಳನ್ನು ಇಂದಿಗೂ ಕೌಂಟರಿನ ಕೆಳಗಿನಿಂದ ತೆಗೆದುಕೊಡುವ ಅಂಗಡಿಗಳು ನಮ್ಮ ನಡುವೆಯೇ ಇವೆಯೆಂಬುದನ್ನು ಇಲ್ಲಿ ಹೇಳದಿರಲಾಗದು.

ಹೊರಗಿನವರಿಗೆ ತಿಳಿಯದ ಇನ್ನೊಂದು ಸಂಗತಿ ಸೊಪ್ಪಿನ ಬೆಟ್ಟ. ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದಲೂ ಇದೆ. ತೋಟದ ಗೊಬ್ಬರಕ್ಕೆ ಬೇಕಾದ ಸೊಪ್ಪು, ದರಕು ಬರುವುದು ಅಲ್ಲಿಂದಲೇ. ಪ್ರವಾಸಿಯ ಕಣ್ಣಿಗೆ ಅದು ಯಾರದೂ ಅಲ್ಲದ ಕಾಡು. ಅಲ್ಲಿ ಒಲೆ ಹೂಡಿ, ಬೆಂಕಿ ಆರಿಸದೆ ಎದ್ದುಹೋದರೆ ಸುಡುವುದು ಒಬ್ಬ ಬೆಳೆಗಾರನ ಮುಂದಿನ ವರ್ಷದ ಗೊಬ್ಬರ. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದ ಸೀಮೆಯಿದು. ಬೆಟ್ಟದ ಬೆಲೆ ಅವರಿಗೆ ಗೊತ್ತು.

ಇನ್ನು ಹೋಂಸ್ಟೇಗಳ ಲೆಕ್ಕಪತ್ರಕ್ಕೆ ಬರುತ್ತೇನೆ. ನನ್ನ ಕಕ್ಷಿದಾರರಾದ ಯಲ್ಲಾಪುರ ಕಡೆಯ ಬೆಳೆಗಾರರೊಬ್ಬರು ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ತೋಟದ ಕೂಲಿ, ಅತಿಥಿಗಳ ಹಾಲು, ಪಂಪಿನ ದುರಸ್ತಿ ಎಲ್ಲವೂ ಅವರ ಒಂದೇ ಪುಸ್ತಕದಲ್ಲಿದ್ದವು. “ತೋಟದ ಮನೆಯಲ್ಲವೇ, ಇದೂ ಕೃಷಿ ಆದಾಯವೇ” ಎಂಬುದು ಅವರ ವಾದ. ಹಾಗಲ್ಲ. ಅಡಿಕೆಯ ಆದಾಯಕ್ಕೆ ಇರುವ ಆದಾಯ ತೆರಿಗೆ ವಿನಾಯಿತಿ ಅತಿಥಿಗಳಿಂದ ಬರುವ ಹಣಕ್ಕೆ ಅನ್ವಯಿಸುವುದಿಲ್ಲ. ಪುಸ್ತಕವನ್ನು ಬೇರ್ಪಡಿಸಿದ ಮೇಲೆ ಇನ್ನೊಂದು ವಿಷಯವೂ ತಿಳಿಯಿತು: ದೊಡ್ಡ ತಂಡಗಳು ಬಂದ ವಾರಗಳಲ್ಲಿ ನೀರು, ಕೂಲಿ, ಕಸದ ಸಾಗಣೆ ಸೇರಿ ಲಾಭ ತೀರ ಕಡಿಮೆ, ನಾಲ್ಕಾರು ಜನರು ಎರಡು ದಿನ ನಿಂತಾಗಲೇ ಕೈಯಲ್ಲಿ ಹಣ ಉಳಿದಿತ್ತು.

ಜಿಎಸ್‌ಟಿಯ ಭಯ ಹಲವರನ್ನು ಕಾಡುತ್ತಿದೆ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ಚಿಕ್ಕ ಮನೆಯವರಿಗೆ ಸಾಮಾನ್ಯವಾಗಿ ನೋಂದಣಿಯ ಅಗತ್ಯವಿಲ್ಲ. ಅಂಥವರ ಕೋಣೆಯನ್ನು ಅಂತರ್ಜಾಲ ತಾಣದ ಮೂಲಕ ಕಾಯ್ದಿರಿಸಿದರೆ ತೆರಿಗೆಯನ್ನು ಆ ತಾಣದವರೇ ಕಟ್ಟಬೇಕು. ನೋಂದಣಿಯಾದವರಿಗೆ, 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಶೇ. 5ರ ದರ; ಇನ್‌ಪುಟ್ ತೆರಿಗೆಯ ಜಮೆ ಸಿಗದು. ಆದುದರಿಂದ ಬಿಲ್ಲು ಕೊಡಲು ಹಿಂಜರಿಯುವ ಕಾರಣವಿಲ್ಲ, ಕೇಳಲು ಅತಿಥಿಗಳೂ ಹಿಂಜರಿಯಬಾರದು.

ಮರಳುವಾಗ ಜೋನಿ ಬೆಲ್ಲ, ತೊಡದೇವು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು, ಕಾಳುಮೆಣಸುಗಳನ್ನು ಮನೆಯವರಿಂದಲೋ ಸಹಕಾರಿ ಸಂಘದ ಮಳಿಗೆಯಿಂದಲೋ ಕೊಳ್ಳಬಹುದು. ಚೌಕಾಸಿ ಮಾಡಲೇಬೇಕೆಂಬ ನಮ್ಮ ಅಭ್ಯಾಸಕ್ಕೆ ಅಲ್ಲಿ ಎರಡು ದಿನ ರಜೆ ಕೊಡುವುದು ಒಳಿತು.

ಸಂಸ್ಥೆಯ ನೌಕರರನ್ನು ಪ್ರವಾಸಕ್ಕೆ ಕರೆದೊಯ್ಯುವ ಸದಸ್ಯರು ಕಾಲವನ್ನು ನೋಡಿ ದಿನ ಗೊತ್ತುಪಡಿಸಬೇಕು. ಭಾರಿ ಮಳೆಯ ದಿನಗಳು ಬೇಡ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡವೇ ಕುಸಿದುದನ್ನು ಮರೆಯಲಾಗದು. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 2024ರಲ್ಲಿ ಸಿದ್ದಾಪುರ ತಾಲ್ಲೂಕು ಇದರಿಂದ ಬಳಲಿತು. ಉಣುಗು ಕಚ್ಚಿ ಹರಡುವ ರೋಗವಾದುದರಿಂದ ಕಾಡಿನ ದರಕಿನ ಮೇಲೆ ಕೂರದೆ, ಮೈತುಂಬ ಬಟ್ಟೆ ತೊಟ್ಟು, ಮಂಗ ಸತ್ತು ಬಿದ್ದ ಸುದ್ದಿಯಿರುವ ಕಡೆಗೆ ಹೋಗದಿರಬೇಕು. ಚಳಿಗಾಲದಲ್ಲಿಯೇ ಕೊನೆಕೊಯ್ಲು, ಅಡಿಕೆ ಸುಲಿಯುವ ಕೆಲಸಗಳೂ ಬರುವುದರಿಂದ ಆತಿಥೇಯರ ಮನೆಯಲ್ಲಿ ಆಗ ಕೈಗಳು ಸಾಲುವುದಿಲ್ಲ. ಮೂವತ್ತು ಜನರನ್ನು ಒಮ್ಮೆಗೇ ಕಳುಹಿಸುವ ಬದಲು ಹತ್ತು ಹತ್ತು ಜನರನ್ನು ವಾರದ ನಡುವಿನ ದಿನಗಳಲ್ಲಿ ಕಳುಹಿಸಿದರೆ ದರದಲ್ಲಿಯೂ ಸ್ವಲ್ಪ ಅನುಕೂಲವಾದೀತು. ಬೇಸಿಗೆ ಏರಿದಂತೆ ಬಾವಿಗಳ ನೀರು ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಿಗಾದರೆ ಎಷ್ಟು ಜನರಿಗೆ ನೀರು ಒದಗಿಸಬಲ್ಲಿರಿ ಎಂದು ಮೊದಲು ಕೇಳಿ, ಆಮೇಲೆ ಮುಂಗಡ ಕಳುಹಿಸತಕ್ಕದ್ದು.