ಹಳ್ಳಿಕಾರ್ ಎತ್ತಿಗೆ ಬೇಕಾದ್ದು ಕೆಲಸ, ಬರೀ ಕೊಟ್ಟಿಗೆಯಲ್ಲ!

ಊರ್ಡಿಗೆರೆ: ಒಂದು ಜೊತೆ ಎತ್ತಿಗೆ ವರ್ಷವಿಡೀ ಹುಲ್ಲು, ಹಿಂಡಿ ಹಾಕೋದಕ್ಕಿಂತ ಉಳುಮೆ ಕಾಲದಲ್ಲಿ ಎರಡು ಗಂಟೆ ಟ್ರಾಕ್ಟರ್ ಬಾಡಿಗೆ ಕೊಟ್ರೆ ಆಯ್ತಲ್ಲ? ದೇವರಾಯನದುರ್ಗದ ಬೆಟ್ಟದ ಸೆರಗಿನ ಈ ಹೋಬಳಿಯಲ್ಲಿ ಸಣ್ಣ ರೈತನ ಮನೆಯ ಲೆಕ್ಕ ಹೀಗೆ ಸಾಗುತ್ತದೆ. ಲೆಕ್ಕವೇನೋ ಸರಿಯೇ. ಆದರೆ ಅದರಲ್ಲಿ ಸೇರದ ಬಾಬ್ತು ಒಂದಿದೆ. ಅದು ಎತ್ತಿನ ಮೈ.

ಟ್ರಾಕ್ಟರ್ ಆರು ತಿಂಗಳು ನಿಂತಿದ್ದರೂ ರಿಪೇರಿ ಮಾಡಿಸಿ ಹೊಲಕ್ಕಿಳಿಸಬಹುದು. ಎತ್ತು ಹಾಗಲ್ಲ. ಸುಗ್ಗಿ ಮುಗಿದ ಮೇಲೆ ಗೂಟ ಬಿಟ್ಟು ಕದಲದೆ ನಿಂತ ಎತ್ತಿನ ಮಾಂಸಖಂಡ ಸಡಿಲವಾಗುತ್ತದೆ, ದಮ್ಮು ಕಡಿಮೆಯಾಗುತ್ತದೆ, ನೊಗ ಕೂರುವ ಕಡೆಯ ಚರ್ಮ ಮೆತ್ತಗಾಗುತ್ತದೆ. ಯುಗಾದಿ ಕಳೆದು ಹೊನ್ನಾರು ಹೂಡಿ, ಒಂದು ಹದ ಮಳೆ ಬಿದ್ದದ್ದೇ ತಡ ಅದೇ ಎತ್ತನ್ನು ಬೆಳಗಿನಿಂದ ಸಂಜೆವರೆಗೆ ದುಡಿಸಿದರೆ ಗತಿಯೇನು? ಹೆಗಲು ಬಾವು ಬರುತ್ತದೆ. ಮೂರನೇ ದಿನಕ್ಕೆ ಎತ್ತು ಮಲಗುತ್ತದೆ. 'ಹಳ್ಳಿಕಾರ್‌ನಲ್ಲಿ ಮೊದಲಿನ ಕಸುವಿಲ್ಲ' ಎಂದು ತಳಿಯ ಮೇಲೆ ಗೂಬೆ ಕೂರಿಸಲಾಗುತ್ತದೆ.

ಬಿಸಿಲಿಗೆ ಹೇಳಿ ಮಾಡಿಸಿದ ಮೈ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಹೊಂದಾಣಿಕೆಯಿಲ್ಲದ ಜೋಡಿಗೆ ಹೇಳುತ್ತಾರೆ. ಅದರಲ್ಲಿ ಶರೀರಶಾಸ್ತ್ರವೂ ಇದೆ. ಕೋಣಕ್ಕೆ ಬೆವರು ಗ್ರಂಥಿಗಳು ಕಡಿಮೆ, ಮೈ ಕಾದರೆ ಕೆರೆಗೇ ಇಳಿಯಬೇಕು. ನಾಟಿ ಎತ್ತು ನಿಂತಲ್ಲೇ ಬೆವರಿ ಮೈ ತಣಿಸಿಕೊಳ್ಳುತ್ತದೆ. ಸೀಮೆ ದನಕ್ಕೆ ಹೋಲಿಸಿದರೆ ಅದರ ಬೆವರು ಗ್ರಂಥಿಗಳು ದೊಡ್ಡವು, ಚರ್ಮದ ಮೇಲ್ಭಾಗಕ್ಕೆ ಹತ್ತಿರ ಇರುವಂಥವು. ಗಂಗೆದೊಗಲು, ಸಡಿಲ ಚರ್ಮ ಶಾಖ ಹೊರಹೋಗಲು ಹೆಚ್ಚು ಜಾಗ ಕೊಡುತ್ತವೆ. ಗಿಡ್ಡ ಕೂದಲು ನುಣುಪಾಗಿರುತ್ತದೆ. ಮೈಯೊಳಗೆ ಹುಟ್ಟುವ ಶಾಖವೂ ಕಡಿಮೆ. ಭುಜದ ಮೇಲಿನ ಡುಬ್ಬ ನೊಗ ಹಿಂದಕ್ಕೆ ಜಾರದಂತೆ ತಡೆಯುತ್ತದೆ. ಸೀಮೆ ಹಸುವಿನ ಗಂಡು ಕರುವಿಗೆ ಈ ಡುಬ್ಬವೂ ಸರಿಯಾಗಿ ಬರೋದಿಲ್ಲ, ಬಿಸಿಲೂ ತಡೆಯೋದಿಲ್ಲ. ಹೀಗಾಗಿ ಹಾಲಿನ ಮನೆಯಲ್ಲಿ ಅದು ಬೇಡದ ಕೂಸು.

ಜೊತೆಯ ಬಲ ಎಷ್ಟು?

ಒಂದು ಎತ್ತು ತನ್ನ ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು ಎಳೆತವನ್ನು ಗಂಟೆಗಟ್ಟಲೆ ತಾಳಬಲ್ಲದು. 350 ಕಿಲೋ ತೂಗುವ ಎರಡು ಎತ್ತಿನ ಜೊತೆಗೆ ಇದು 70 ಕಿಲೋ ಆಯಿತು. ಗಂಟೆಗೆ ಮೂರು, ಮೂರೂವರೆ ಕಿಲೋಮೀಟರ್ ನಡಿಗೆಯಲ್ಲಿ ಲೆಕ್ಕ ಹಾಕಿದರೆ ಒಂದು ಅಶ್ವಶಕ್ತಿಯ ಆಸುಪಾಸು. ಗಾಡಿ ಹಳ್ಳದಲ್ಲಿ ಸಿಕ್ಕಿದಾಗ ಇದರ ಹಲವು ಪಟ್ಟು ಬಲ ಬರುತ್ತದೆ, ಆದರೆ ಕ್ಷಣಕಾಲ ಮಾತ್ರ. ಆ ಕ್ಷಣದ ಬಲವನ್ನೇ ದಿನದ ಬಲವೆಂದು ತಿಳಿದು ಹೇರುವುದೇ ತಪ್ಪು.

ದಣಿವನ್ನು ಎತ್ತು ಮುಚ್ಚಿಡೋದಿಲ್ಲ. ಸುಮ್ಮನಿದ್ದಾಗ ನಿಮಿಷಕ್ಕೆ 20ರಿಂದ 30 ಸಲ ಏರಿಳಿಯುವ ಪಕ್ಕೆ ದುಡಿಮೆಯಲ್ಲಿ ಅದರ ಎರಡು, ಮೂರು ಪಟ್ಟಾಗುತ್ತದೆ. ಆಮೇಲೆ ಜೊಲ್ಲು, ನೊರೆ. ನಾಲಿಗೆ ಹೊರಬಿದ್ದು ಹೆಜ್ಜೆ ತಪ್ಪಿತೆಂದರೆ ನೊಗ ಕಳಚಲೇಬೇಕು. ಚಾವಟಿ ಅದಕ್ಕೆ ಉತ್ತರವಲ್ಲ.

ಭಾರ ಎಳೆಯುವ ಪ್ರಾಣಿಗಳ ಬಗ್ಗೆ 1965ರ ಕೇಂದ್ರ ನಿಯಮಗಳೂ ಇದನ್ನೇ ಹೇಳುತ್ತವೆ: ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಉಷ್ಣತೆ 37 ಡಿಗ್ರಿ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ಹೊತ್ತು ಹುಟ್ಟುವ ಮುಂಚೆ ಹೂಡಿ ಬಿಸಿಲೇರುವ ಹೊತ್ತಿಗೆ ಬಿಡುತ್ತಿದ್ದ ನಮ್ಮ ಹಳಬರಿಗೆ ಈ ಕಾನೂನು ಓದಿ ಹೇಳಬೇಕಾಗಿರಲಿಲ್ಲ.

ಉಳಿತಾಯದ ಹಳೇ ಪಾಠ

ಎತ್ತಿನ ಖರ್ಚು ದಂಡ ಎಂಬ ಲೆಕ್ಕ ಹೊಸದೇನಲ್ಲ. ಹಳ್ಳಿಕಾರ್ ಮೂಲದಿಂದಲೇ ಮೈಸೂರು ಅರಸರು ಕಟ್ಟಿ ಬೆಳೆಸಿದ ಮಂದೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ'ಯಾಗಿತ್ತು. ಟಿಪ್ಪು ಕಾಲಕ್ಕೆ ಅದು 'ಅಮೃತ ಮಹಲ್' ಆಯಿತು. ಹೈದರನ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಕ್ಕೆ ನೆರವಾದದ್ದು ಈ ಎತ್ತುಗಳ ಬಲದಿಂದ ಎಂದು ಗೆಜೆಟಿಯರ್‌ಗಳು ದಾಖಲಿಸಿವೆ. ಇಂಥ ಮಂದೆಯನ್ನು 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲೆಂದು ಮಾರಿ ಚೆದುರಿಸಿದರು. ಫಿರಂಗಿ ಎಳೆಯುವ ಎತ್ತಿಗೆ ಬರ ಬಂದಾಗ ಬುದ್ಧಿ ಬಂತು. 1866ರಲ್ಲಿ ಮತ್ತೆ ಹುಡುಕಿ ತಂದು ಮಂದೆ ಕಟ್ಟಬೇಕಾಯಿತು. ಆರೇ ವರ್ಷಕ್ಕೆ ಹೀಗಾದರೆ, ಈಗ ಚೆದುರಿದ್ದನ್ನು ಮುಂದೆ ಎಲ್ಲಿಂದ ತರೋದು?

ಸರಕಾರ ಸುಮ್ಮನೆ ಕೂತಿಲ್ಲ ಎನ್ನಿ. ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿ ಸಂವರ್ಧನಾ ಕೇಂದ್ರವಿದೆ. 2000ದಲ್ಲಿ ಹಳ್ಳಿಕಾರ್ ಚಿತ್ರದ ಅಂಚೆಚೀಟಿಯೂ ಬಂತು. ಶಿವರಾತ್ರಿಗೆ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಒಳ್ಳೆ ಜೊತೆ ಕಂಡರೆ ಜನ ಮುತ್ತಿಕೊಳ್ಳುತ್ತಾರೆ. ಗಾಡಿ ಓಟದವರು ಕೈತುಂಬ ಕೊಟ್ಟು ಕೊಳ್ಳೋದೂ ಉಂಟು. ಆದರೆ ಓಟದ ಎತ್ತಿಗೆ ಬೇಕಾದ್ದು ಕೆಲವು ಕ್ಷಣದ ವೇಗ. ನೊಗದ ಎತ್ತಿಗೆ ಬೇಕಾದ್ದು ಇಡೀ ಬೆಳಗಿನ ತಾಳ್ಮೆ. ವೇಗವೊಂದನ್ನೇ ನೋಡಿ ಬಿತ್ತನೆ ಹೋರಿ ಆರಿಸುತ್ತಾ ಹೋದರೆ ತಾಳ್ಮೆ ತಳಿಯಿಂದಲೇ ಜಾರಬಹುದು.

ಏನು ಮಾಡಬಹುದು?

ದೊಡ್ಡ ಉಳುಮೆಯನ್ನು ಟ್ರಾಕ್ಟರ್ ಮಾಡಲಿ, ಯಾರ ತಕರಾರೂ ಇಲ್ಲ. ರಾಗಿ ಪೈರಿನ ನಡುವೆ ಕುಂಟೆ ಹೊಡೆಯೋದು, ತೋಟದ ಸಾಲಿನ ಉಳುಮೆ, ಗೊಬ್ಬರ, ಹುಲ್ಲು ಸಾಗಿಸೋ ಕೆಲಸವನ್ನು ಎತ್ತಿಗೇ ಬಿಡಲಿ. ಒಬ್ಬರಿಗೆ ಸಾಲದ ಕೆಲಸವಾದರೆ ಮೂರ್ನಾಲ್ಕು ಮನೆಯವರು ಸೇರಿ ಒಂದು ಜೊತೆ ಇಟ್ಟುಕೊಳ್ಳಲಿ. ಬೇಸಿಗೆಯಲ್ಲೂ ವಾರಕ್ಕೆ ಮೂರು ದಿನ ಗಾಡಿ ಕಟ್ಟಲಿ. ಮಳೆಗಾಲದ ಮುಂಚೆ ದಿನಕ್ಕೆ ಅರ್ಧ ಗಂಟೆಯಿಂದ ಶುರುಮಾಡಿ ಮೆಲ್ಲಗೆ ಕೆಲಸ ಹೆಚ್ಚಿಸಲಿ. ದುಡಿಮೆಯ ದಿನ ಹುರುಳಿ, ಹಿಂಡಿ, ಹೊಟ್ಟೆತುಂಬ ನೀರು ಕೊಡಲಿ. ಮೆಲುಕು ಹಾಕಲು ನೆರಳಲ್ಲಿ ಬಿಡಲಿ.

ಪೂಜೆ, ಫೋಟೋ, ಸನ್ಮಾನ ಸಾಕಷ್ಟಾಗಿದೆ. ದುಡಿಮೆಗೆಂದೇ ಹುಟ್ಟಿದ ತಳಿ ಇದು. ನೊಗ ಇಳಿದ ದಿನವೇ ಇದರ ಕಾಲವೂ ಮುಗಿದಂತೆ.